ನಾಲ್ಕು ಮೂಲೆಗೂ ಎರಡೆರಡು ಇಟ್ಟಿಗೆ

ಇಲ್ಲದ ದೇಶದ ನಕ್ಷೆ ಬರೆಯುವುದು ಹೇಗೆ ಎಂದು ಕೇಳಿಕೊಂಡು ಈಚೆಗೆ ಕೆಲವು ಮಕ್ಕಳು ನಮ್ಮ ಮನೆಗೆ ಬರುತ್ತಾರೆ. ಮಕ್ಕಳು ಎಂದರೆ ಇಪ್ಪತ್ತೈದು, ಮೂವತ್ತರವರು. ನನ್ನ ವಯಸ್ಸಿಗೆ ಅವರೆಲ್ಲ ಮಕ್ಕಳೇ. ಕಾದಂಬರಿಗಳಿಗೆ, ಕಂಪ್ಯೂಟರ್ ಆಟಗಳಿಗೆ ರಾಜ್ಯಗಳನ್ನು ಕಲ್ಪಿಸಿ ಬರೆಯುವ ಕೆಲಸಕ್ಕೆ ಸೇರಿದ್ದಾರಂತೆ. ಹೊಸಹಳ್ಳಿ ಮೆಟ್ರೋದಲ್ಲಿ ಇಳಿದು, "ಆಂಟಿ, ಯಾವ ಕಡೆ ತಿರುಗ್ಬೇಕು?" ಎಂದು ಫೋನ್ ಮಾಡುತ್ತಾರೆ. ಇಡೀ ಲೋಕದ ನಕ್ಷೆ ಬರೆಯುವವರಿಗೆ ನಮ್ಮ ಮನೆಯ ದಾರಿ ಮಾತ್ರ ಗೊತ್ತಾಗುವುದಿಲ್ಲ.

ಬಂದವರು ನಕ್ಷೆ ತೋರಿಸುತ್ತಾರೆ. ಬಣ್ಣ, ಅಕ್ಷರ, ಕೋಟೆಗಳ ಚಿತ್ರ ಎಲ್ಲವೂ ನಾವು ಕನಸಿನಲ್ಲೂ ಕಾಣದಷ್ಟು ಚೆನ್ನಾಗಿರುತ್ತವೆ. ನಾನು ಮೊದಲು ನೋಡುವುದು ನದಿಯನ್ನು. ಹತ್ತರಲ್ಲಿ ಆರು ನಕ್ಷೆಗಳಲ್ಲಿ ನದಿ ಬೆಟ್ಟ ಹತ್ತುತ್ತಿರುತ್ತದೆ. ಹೇಳಿದರೆ, "ಮಾಯಾಲೋಕ ಅಲ್ವಾ ಆಂಟಿ, ನಡೆಯುತ್ತೆ" ಎನ್ನುತ್ತಾರೆ. ಆಗ ನನಗೆ ಸಿಟ್ಟು ಬರುತ್ತದೆ. ಈ ಸಿಟ್ಟು ನನಗೆ ಶಾಮಣ್ಣನವರಿಂದ ಬಂದದ್ದು. ನನ್ನ ಕೈಯಲ್ಲಿ ಏನಾದರೂ ಕೆಲಸವಿದ್ದರೆ ಅದೂ ಅವರಿಂದಲೇ ಬಂದದ್ದು. ಆಮೇಲೆ ನಾನು ಏನೇನಾದೆ, ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬಿಟ್ಟು, ಕೆಲಸಕ್ಕೆ ಸೇರಿದ ಮೊದಲ ವರ್ಷದ ವಿಷಯವನ್ನಷ್ಟೇ ಇಲ್ಲಿ ಬರೆಯುತ್ತೇನೆ. ಹೊಸಬರಿಗೆ ಬೇಕಾದದ್ದು ಅದರಲ್ಲೇ ಇದೆ.

ಐವತ್ತರ ದಶಕದ ನಡುಭಾಗ. ರಾಜಾಜಿನಗರ ಆಗಿನ್ನೂ ಅರ್ಧ ಊರು, ಅರ್ಧ ಸುಣ್ಣದ ಗೆರೆ. ನಿವೇಶನಗಳಿಗೆ ಕಲ್ಲು ನೆಟ್ಟಿದ್ದರು, ರಸ್ತೆ ಎಂದು ಬರೆದ ಕಡೆ ಕುರಿ ಮೇಯುತ್ತಿದ್ದವು. ಅಲ್ಲಿ ಒಂದು ತಗಡಿನ ಮಾಡಿನ ಅಚ್ಚುಕೂಟದಿಂದ ಮಕ್ಕಳ ಮಾಸಪತ್ರಿಕೆಯೊಂದು ಹೊರಡುತ್ತಿತ್ತು. ಮಾಲೀಕರು ನಂಜುಂಡಪ್ಪನವರು. ಪತ್ರಿಕೆ ನಡೆಯುತ್ತಿದ್ದದ್ದೇ ಒಂದು ಧಾರಾವಾಹಿಯ ಬಲದಿಂದ. ಮಣಿಮಂಡಲ ಎಂಬ ಇಲ್ಲದ ರಾಜ್ಯ, ಅಲ್ಲಿ ದಾರಿ ತಪ್ಪಿದ ರಾಜಕುಮಾರಿ. ಅದನ್ನು ಬರೆಯುತ್ತಿದ್ದವರು ಮಿಡ್ಲ್ ಸ್ಕೂಲಿನ ಒಬ್ಬ ಮೇಷ್ಟ್ರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ರಾಜಕುಮಾರಿ ಆ ತಿಂಗಳು ಎಲ್ಲಿಗೆ ತಲುಪಿದಳು ಎಂದು ತೋರಿಸುವ ಸಣ್ಣ ನಕ್ಷೆ ಪ್ರತಿ ಸಂಚಿಕೆಯಲ್ಲೂ ಇರುತ್ತಿತ್ತು. ಅದನ್ನು ಬರೆಯುತ್ತಿದ್ದವರು ಶಾಮಣ್ಣನವರು. ಸರ್ಕಾರಿ ಸರ್ವೆಯಲ್ಲಿ ಮೂವತ್ತು ವರ್ಷ ಅಳತೆಯ ಸರಪಳಿ ಎಳೆದು, ನಿವೃತ್ತರಾಗಿ ಇಲ್ಲಿಗೆ ಬಂದವರು. ಅವರ ಕಣ್ಣಿನ ನರ ಒಣಗುತ್ತಿತ್ತು. ಆಪರೇಷನ್ನಿನಿಂದ ಸರಿಹೋಗುವಂಥದ್ದಲ್ಲ, ವರ್ಷದೊಳಗೆ ದೃಷ್ಟಿ ಹೋಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೇ ಒಂದು ಕೈ ಬೇಕಾಗಿತ್ತು. ಡ್ರಾಯಿಂಗ್ ಪರೀಕ್ಷೆ ಪಾಸಾಗಿದ್ದ ನನ್ನನ್ನು ಆರು ತಿಂಗಳ ಪರೀಕ್ಷೆಯ ಮೇಲೆ ತೆಗೆದುಕೊಂಡರು.

ಆರು ತಿಂಗಳು ಎಂಬುದು ನಮ್ಮ ಮನೆಯ ಲೆಕ್ಕವೂ ಆಗಿತ್ತು. ನಮ್ಮಪ್ಪ ಹೊಸಹಳ್ಳಿಯ ರೈತ. ಸ್ವಲ್ಪ ರಾಗಿ ಹೊಲ, ಕೆರೆ ಕೆಳಗೆ ಒಂದಿಷ್ಟು ಗದ್ದೆ. "ಕಾಯಂ ಮಾಡಿದ್ರೆ ಓಗು ಕಣವ್ವ. ಇಲ್ಲಾಂದ್ರೆ ಗಂಡು ನೋಡ್ತೀನಿ, ಸುಮ್ನೆ ಒಪ್ಕೋಬೇಕು" ಎಂದು ಮೊದಲೇ ಮಾತು ತೆಗೆದುಕೊಂಡಿದ್ದರು. ಬೆಳಿಗ್ಗೆ ಸೈಕಲ್ಲಿನಲ್ಲಿ ತಂದು ಬಿಡುತ್ತಿದ್ದರು, ಸಂಜೆ ಬಂದು ಕರೆದುಕೊಂಡು ಹೋಗುತ್ತಿದ್ದರು.

ಮೊದಲ ದಿನ ಶಾಮಣ್ಣನವರು ಒಂದು ಹಾಳೆ ಕೊಟ್ಟು, ನಿನಗೆ ತೋಚಿದ ದೇಶ ಬರಿ ಎಂದರು. ಮಧ್ಯಾಹ್ನದ ಹೊತ್ತಿಗೆ ಭರ್ಜರಿ ದೇಶ ಬರೆದು ಮುಂದಿಟ್ಟೆ. ಅವರು ಭೂತಗಾಜು ಹಿಡಿದು, ಮೂಗು ಹಾಳೆಗೆ ತಾಗುವಷ್ಟು ಬಗ್ಗಿ ನೋಡಿದರು.

"ಇದೇನಮ್ಮ, ಇಲ್ಲೆಲ್ಲ ಕಂಬಳಿಹುಳು ಬಿಟ್ಟಿದೀಯಲ್ಲ?"

"ಬೆಟ್ಟಗಳು ಸಾರ್."

"ಓಹೋ. ಈ ನದಿ ನಡುವೆ ಎರಡು ಸೀಳಾಗಿ ಎರಡು ಸಮುದ್ರಕ್ಕೆ ಹೋಗ್ತಾ ಇದೆಯಲ್ಲ, ಅದಕ್ಕೇನು ಮನೇಲಿ ಜಗಳವಾ?"

ಅಚ್ಚು ಜೋಡಿಸುವವರೆಲ್ಲ ನಕ್ಕರು. ನನಗೆ ಅಳು ಬಂತು. ಶಾಮಣ್ಣನವರು ನಗಲಿಲ್ಲ. ಮಳೆ ಬಂದಾಗ ನಿಮ್ಮ ಹೊಲದಲ್ಲಿ ನೀರು ಕೂಡಿಕೊಳ್ಳುತ್ತಾ ಹೋಗುತ್ತದೋ, ಒಡೆದುಕೊಳ್ಳುತ್ತಾ ಹೋಗುತ್ತದೋ ಎಂದು ಕೇಳಿದರು. ಕೂಡಿಕೊಳ್ಳುತ್ತದೆ ಎಂದೆ. "ಗೊತ್ತಿದೆಯಲ್ಲ. ಪೆನ್ನು ಹಿಡಿದ ಕೂಡಲೇ ಮರೀಬೇಡ" ಎಂದರು. ಆಮೇಲೆ ಯಾವತ್ತೂ ಆ ವಿಷಯ ಎತ್ತಲಿಲ್ಲ. ಒಂದು ತಪ್ಪಿಗೆ ಒಂದೇ ಸಲ ಬೈಯುವ ಮೇಲಧಿಕಾರಿಗಳನ್ನು ಆಮೇಲೆ ನಾನು ಹೆಚ್ಚು ಕಾಣಲಿಲ್ಲ.

ಅವರ ಕೆಲಸದ ರೀತಿಯೇ ಬೇರೆ. ಹಾಳೆಯ ಮೇಲೆ ಮೊದಲು ನದಿ ಬರೆಯುವ ಹಾಗಿರಲಿಲ್ಲ. ಮೇಜಿನ ಮೇಲೆ ಅಂಚುಕಟ್ಟಿದ ಒಂದು ಹಲಗೆ. ಅದರ ಮೇಲೆ ಕೆರೆಯ ಜೇಡಿಮಣ್ಣಿನಲ್ಲಿ ಕಥೆ ಕೇಳುವಂತೆ ಬೆಟ್ಟ, ಕಣಿವೆ, ಬಯಲು ಮಾಡುವುದು. ಕಾಲುಭಾಗ ಒಣಗಿದ ಮೇಲೆ ಹೂವಿನ ಗಿಡಕ್ಕೆ ಹಾಕುವ ಜರಡಿ ಮೂತಿಯ ಡಬ್ಬದಿಂದ ನೀರು ಚಿಮುಕಿಸುವುದು. ನೀರು ತನ್ನ ದಾರಿ ತಾನೇ ಹುಡುಕುತ್ತಿತ್ತು. ಎಲ್ಲಿ ನಿಂತಿತೋ ಅದು ಕೆರೆ, ಎಲ್ಲಿ ಹರಿಯಿತೋ ಅದು ನದಿ. ನಾವು ಪಕ್ಕದಲ್ಲಿ ಕೂತು ನಕಲು ಮಾಡಿಕೊಳ್ಳುತ್ತಿದ್ದೆವು. ಇಲ್ಲದ ದೇಶಕ್ಕೆ ಇಷ್ಟೊಂದು ಯಾಕೆ ಸಾರ್ ಎಂದು ಒಮ್ಮೆ ಕೇಳಿದೆ. "ರಾಜಕುಮಾರಿ ಸುಳ್ಳು, ರಾಕ್ಷಸ ಸುಳ್ಳು, ನೀರೂ ಸುಳ್ಳಾದ್ರೆ ಮಕ್ಕಳು ಯಾವುದನ್ನ ಹಿಡ್ಕೊಂಡು ನಂಬಬೇಕಮ್ಮ?" ಎಂದರು.

ಮಣ್ಣಿನಲ್ಲಿ ಮಾಡಿದ್ದು ಸಾಲದೆಂದು ಒಂದು ಭಾನುವಾರ ನನ್ನನ್ನು ನದಿ ನೋಡಲು ಕರೆದುಕೊಂಡು ಹೋದರು. ಹೆಣ್ಣುಹುಡುಗಿ ಒಬ್ಬಳೇ ಹೇಗೆ ಎಂದು ನಮ್ಮಪ್ಪನೂ ಬುತ್ತಿ ಕಟ್ಟಿಕೊಂಡು ಹೊರಟರು. ವೃಷಭಾವತಿಯ ದಂಡೆ ಹಿಡಿದು ಕೆಂಗೇರಿಯವರೆಗೆ ನಡೆದೆವು. ಈಗ ಆ ನದಿಯ ಹೆಸರೆತ್ತಿದರೆ ಜನ ಮೂಗು ಮುಚ್ಚಿಕೊಳ್ಳುತ್ತಾರೆ. ಅವತ್ತು ನಾವು ಅದರ ನೀರನ್ನು ಬೊಗಸೆಯಲ್ಲಿ ಕುಡಿದೆವು. ತಿರುವಿನ ಹೊರದಂಡೆ ಕುಸಿದಿರುವುದು, ಒಳದಂಡೆಗೆ ಮರಳು ಬಂದು ಕೂತಿರುವುದು, ಹಳ್ಳ ಬಂದು ಸೇರುವಾಗ ಹರಿವಿನ ಕಡೆಗೇ ಓರೆಯಾಗಿ ಸೇರುವುದು, ಎಲ್ಲವನ್ನೂ ತೋರಿಸಿದರು. ಅವರು ತೋರಿಸಿದ್ದು ಸ್ವಲ್ಪ, ನಮ್ಮಪ್ಪನನ್ನು ಕೇಳಿದ್ದು ಬಹಳ. "ಗೌಡರೇ, ಈ ಮರಳು ಪ್ರತಿ ವರ್ಷ ಇಲ್ಲೇ ಕೂರುತ್ತಾ?" "ಗೌಡರೇ, ಇಲ್ಲಿ ಜೊಂಡು ಯಾಕೆ ಬೆಳೆದಿದೆ?" ನಮ್ಮಪ್ಪ ಮೊದಲು ಸಂಕೋಚಪಟ್ಟರು, ಆಮೇಲೆ ಬಾಯಿ ಬಿಟ್ಟರೆ ಮುಚ್ಚಲಿಲ್ಲ. ಕೋಟು ಹಾಕಿದವರೊಬ್ಬರು ತನ್ನ ಮಾತನ್ನು ಪುಸ್ತಕದಲ್ಲಿ ಬರೆದುಕೊಳ್ಳುವುದನ್ನು ಅವರು ಜನ್ಮದಲ್ಲಿ ನೋಡಿರಲಿಲ್ಲ. ಮನೆಗೆ ಬಂದು ಅವ್ವನಿಗೆ ಅದನ್ನು ಮೂರು ಸಲ ಹೇಳಿದರು.

ಐದನೆಯ ತಿಂಗಳಿಗೆ ದೊಡ್ಡ ಕೆಲಸ ಬಂತು. ದೀಪಾವಳಿಯ ವಿಶೇಷ ಸಂಚಿಕೆಯ ಜೊತೆ, ಬಿಚ್ಚಿ ಗೋಡೆಗೆ ಅಂಟಿಸುವಂಥ ಮೂರು ಬಣ್ಣದ ನಕ್ಷೆ, ಇಡೀ ಮಣಿಮಂಡಲದ್ದು. ಶಾಮಣ್ಣನವರು ನನ್ನನ್ನು ಕರೆದು ಕೂರಿಸಿದರು. "ನೋಡಮ್ಮ, ನಾನು ಸರ್ವೆಯಲ್ಲಿ ಬರೆದ ನಕ್ಷೆ ಯಾವುದರಲ್ಲೂ ನನ್ನ ಹೆಸರಿಲ್ಲ. ಇದರ ಮೂಲೇಲಿ ಹಾಕ್ತೀನಿ. ಕಣ್ಣಿಗೆ ಇದೇ ಕಡೇದು. ಯಾರು ನೋಡಿದ್ರೂ, ಇಂಥಾ ದೇಶ ಇದ್ರೂ ಇರಬಹುದು ಅನ್ನಬೇಕು. ಅಷ್ಟು ಮಾಡ್ಕೊಡು" ಎಂದರು. ಅವರು ನನ್ನನ್ನು ಏನನ್ನಾದರೂ ಬೇಡಿದ್ದು ಅದೊಂದೇ ಸಲ.

ಅಷ್ಟು ದೊಡ್ಡ ರಾಜ್ಯಕ್ಕೆ ಮೇಜು ಸಾಲದು. ಬಾಗಿಲಿನಷ್ಟು ದೊಡ್ಡ ಹಲಗೆ ತರಿಸಿ ಅಚ್ಚುಕೂಟದ ಹಿತ್ತಿಲಿನಲ್ಲಿ ಇಡಬೇಕಾಯಿತು. ನಾನು ನಾಲ್ಕು ಮೂಲೆಗೂ ಎರಡೆರಡು ಇಟ್ಟಿಗೆ ಕೊಟ್ಟು, ಅಲುಗಾಡದಂತೆ ಹಲಗೆ ಕೂರಿಸಿದೆ.

"ಮಟ್ಟ ನೋಡಿದೆಯಾಮ್ಮ?" ಎಂದು ಒಳಗಿನಿಂದ ಕೇಳಿದರು.

"ನೋಡಿದೆ ಸಾರ್" ಎಂದೆ. ನಾನು ನೋಡಿದ್ದು ಇಟ್ಟಿಗೆಯ ಲೆಕ್ಕವನ್ನು.

ಎರಡು ವಾರ ಮಣ್ಣು ತುಳಿದು, ಮೇಷ್ಟ್ರ ಕಥೆಯಂತೆ ನಡುವೆ ಬೆಟ್ಟಸಾಲು, ಪೂರ್ವಕ್ಕೂ ಪಶ್ಚಿಮಕ್ಕೂ ಸಮುದ್ರ ಮಾಡಿದೆ. ನೀರು ಚಿಮುಕಿಸಿದಾಗ ಒಂದು ವಿಚಿತ್ರ ಕಂಡಿತು. ಪೂರ್ವ ಸಮುದ್ರಕ್ಕೆ ಒಂದು ನದಿಯೂ ಹೋಗಲಿಲ್ಲ. ಬೆಟ್ಟದ ಆ ಕಡೆಯ ನೀರೂ ಕಣಿವೆಯಲ್ಲಿ ನುಸುಳಿ ಪಶ್ಚಿಮಕ್ಕೇ ಬಂತು. ಕಥೆಯಲ್ಲಿ ನೋಡಿದರೆ ದೊಡ್ಡ ನದಿ ನೀಲವೇಣಿ ಪೂರ್ವಕ್ಕೆ ಹರಿಯುತ್ತದೆ, ಅದರ ಬಾಯಲ್ಲೇ ಬಂದರು, ರಾಜಕುಮಾರಿ ಹಡಗು ಹತ್ತುವುದೇ ಅಲ್ಲಿ. ಶಾಮಣ್ಣನವರಿಗೆ ಹೇಳಿದೆ. ಅವರ ಕಣ್ಣಿಗೆ ಆ ವೇಳೆಗೆ ಮಣ್ಣಿನ ಮೇಲಿನ ನೀರಿನ ಎಳೆ ಕಾಣುತ್ತಿರಲಿಲ್ಲ. ನನ್ನನ್ನು ನಂಬಿದರು. ಮೇಷ್ಟ್ರನ್ನು ಕರೆಸಿ, "ನೀರು ಹೋಗದ ಕಡೆ ಬಂದರು ಕಟ್ಟೋಕಾಗಲ್ಲ ಮೇಷ್ಟ್ರೇ" ಎಂದರು. ಪಾಪ, ಮೇಷ್ಟ್ರು ಎರಡು ಅಧ್ಯಾಯಗಳನ್ನು ಹೊಸದಾಗಿ ಬರೆದು, ಬಂದರನ್ನೂ ರಾಜಕುಮಾರಿಯನ್ನೂ ಪಶ್ಚಿಮಕ್ಕೆ ಸಾಗಿಸಿದರು.

ಆಗೆಲ್ಲ ಒಂದೊಂದು ಬಣ್ಣಕ್ಕೆ ಒಂದೊಂದು ಹಾಳೆ ಬರೆಯಬೇಕು. ಅಕ್ಷರಕ್ಕೆ ಕಪ್ಪು, ಬೆಟ್ಟಕ್ಕೆ ಕಂದು, ನೀರಿಗೆ ನೀಲಿ. ಮೂರೂ ಕೂದಲೆಳೆ ತಪ್ಪದೆ ಒಂದರ ಮೇಲೊಂದು ಕೂರಬೇಕು. ಒಂದು ತಿಂಗಳು ಸಣ್ಣ ಮೊನೆಯ ನಿಬ್ಬಿನಲ್ಲಿ ಬರೆದೆ. ಶಾಮಣ್ಣನವರು ನಾಲ್ಕು ದಿನ ಕಿಟಕಿಯ ಬಿಸಿಲಿನಲ್ಲಿ ಕೂತು, ಭೂತಗಾಜು ಹಿಡಿದು ಅಂಗುಲ ಅಂಗುಲವಾಗಿ ನೋಡಿದರು. ಕೊನೆಗೆ ಕೆಳಮೂಲೆಯಲ್ಲಿ, ಅಕ್ಕಿಕಾಳಿನಷ್ಟು ಅಕ್ಷರದಲ್ಲಿ ತಮ್ಮ ಹೆಸರು ಬರೆದರು. ನಕ್ಷೆಯನ್ನು ಲೋಹದ ಅಚ್ಚಿಗೆ ಇಳಿಸುವ ಪಡಿಯಚ್ಚಿನವರು ಮರುದಿನ ಬಂದು ಹಾಳೆಗಳನ್ನು ಒಯ್ಯುವುದೆಂದು ಗೊತ್ತಾಗಿತ್ತು.

ಆ ಸಂಜೆ ಅಪ್ಪ ಬಂದಾಗ ನಾನು ಹಿತ್ತಿಲಿನಲ್ಲಿ ಡಬ್ಬದಲ್ಲಿ ಉಳಿದಿದ್ದ ನೀರನ್ನು ಮಣ್ಣಿನ ಮೇಲೆ ಚೆಲ್ಲುತ್ತಿದ್ದೆ. ಅಪ್ಪ ಸೈಕಲ್ಲಿಗೆ ಒರಗಿ ನೋಡಿದರು.

"ಏನವ್ವಾ ಇದು, ನಿಮ್ಮ ರಾಜ್ಯದ ನೀರೆಲ್ಲಾ ಮೋರಿ ಕಡೀಕೇ ಓಡ್ತೈತೆ?"

ಹಿತ್ತಿಲಿನ ಪಶ್ಚಿಮದ ಮೂಲೆಯಲ್ಲಿ ಅಚ್ಚುಕೂಟದ ಮೋರಿ ಇತ್ತು. ಬಣ್ಣ ತೊಳೆದ ನೀರು ಹೋಗಲೆಂದು ನೆಲವನ್ನೇ ಆ ಕಡೆಗೆ ಇಳಿಜಾರು ಮಾಡಿದ್ದರು.

"ನಾಲ್ಕು ಮೂಲೆಗೂ ಎರಡೆರಡು ಇಟ್ಟಿಗೆ ಇಟ್ಟಿದೀನಿ ಕಣಪ್ಪ. ಎಲ್ಲಾ ಸಮವಾಗಿದೆ."

"ಇಟ್ಟಿಗೆ ಸಮ ಐತೆ. ನೆಲ ಸಮ ಐತಾ?"

ನನ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಹಲಗೆಯ ಅಂಚಿನ ಮೇಲೆ ಇಟ್ಟು, ಅದರಲ್ಲಿ ನೀರು ತುಂಬಿದರು. ಪೂರ್ವದ ಕಡೆ ಅರ್ಧ ಬೆರಳು ಬರಿದಾಗಿರುವಾಗಲೇ ಪಶ್ಚಿಮದ ಕಡೆ ನೀರು ತುಳುಕಿತು. ಗದ್ದೆ ಮಟ್ಟ ಮಾಡುವವನ ಮಗಳು ನಾನು. ನಾಚಿಕೆಯಿಂದ ಕಿವಿ ಕಾದುಹೋಯಿತು.

ಸೈಕಲ್ಲಿನ ಹಿಂದೆ ಕೂತು ಮನೆ ಕಡೆ ಹೊರಟೆ. ಮನಸ್ಸಿನಲ್ಲಿ ಏನೇನು ಬಂತು ಎಂಬುದನ್ನು ಮುಚ್ಚಿಡದೆ ಬರೆಯುತ್ತೇನೆ. ಇಲ್ಲದ ದೇಶ, ಯಾರು ಅಳೆಯುತ್ತಾರೆ? ಶಾಮಣ್ಣನವರಿಗೆ ಕಾಣುವುದಿಲ್ಲ, ನಂಜುಂಡಪ್ಪನವರಿಗೆ ತಿಳಿಯುವುದಿಲ್ಲ. ಹೇಳಿದರೆ ನನ್ನ ಕೆಲಸ ಹೋಗುತ್ತದೆ, ಮದುವೆಗೆ ತಲೆ ಒಡ್ಡಬೇಕಾಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಹೆಸರು ಬರೆದ ಮೇಲೆ ಆ ಮುದುಕರ ಮುಖದಲ್ಲಿದ್ದ ಸಮಾಧಾನ ಹೋಗುತ್ತದೆ. ಮತ್ತೆ ಬರೆಯುವ ಹೊತ್ತಿಗೆ ಅವರ ಕಣ್ಣು ಇರುವುದೋ ಇಲ್ಲವೋ. ಸುಮ್ಮನಿರುವುದೇ ಅವರಿಗೂ ಒಳ್ಳೆಯದು ಎಂದು ನನಗೆ ನಾನೇ ಬಹಳ ಚೆನ್ನಾಗಿ ಹೇಳಿಕೊಂಡೆ. ಅಪ್ಪ ಸೈಕಲ್ ನಿಲ್ಲಿಸುತ್ತಾ ಒಂದೇ ಮಾತು ಕೇಳಿದರು: "ಆವಯ್ಯ ಅದರ ಮ್ಯಾಲೆ ಎಸ್ರು ಬರೆದವ್ರಾ?" ಹೌದೆಂದೆ. ಅಪ್ಪ ಸೈಕಲ್ಲಿಗೆ ಬೀಗ ಹಾಕಿ ಒಳಗೆ ಹೋದರು.

ಬೆಳಿಗ್ಗೆ ಪಡಿಯಚ್ಚಿನವರು ಬರುವ ಮುಂಚೆಯೇ ಹೋಗಿ ಶಾಮಣ್ಣನವರ ಎದುರು ನಿಂತೆ. ಇಟ್ಟಿಗೆಯ ಕಥೆ, ಮುಚ್ಚಳದ ಕಥೆ ಎಲ್ಲ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಮುಖ ಬಾಡಿಹೋಯಿತು. ಮೇಜಿನ ಮೇಲಿನ ಹಾಳೆಯ ಅಂಚು ಸವರಿದರು.

"ಎಷ್ಟು ವಾಲಿದೆ?"

"ಅರ್ಧ ಬೆರಳು ಅಂದ್ರು ಅಪ್ಪ."

"ಗೌಡರು ಅಂದ್ರೆ ಅಷ್ಟೇ ಇರುತ್ತೆ" ಎಂದು ಎದ್ದು, ಗೋಡೆ ಹಿಡಿದುಕೊಂಡು ನಂಜುಂಡಪ್ಪನವರ ಕೋಣೆಗೆ ನಡೆದರು. ನಾನು ಹಿಂದೆಯೇ ಹೋದೆ.

ನಂಜುಂಡಪ್ಪನವರು ಕೆಟ್ಟವರಲ್ಲ, ಅವರಿಗೆ ದೀಪಾವಳಿ ಹತ್ತಿರ ಬಂದಿತ್ತು. "ನಕ್ಷೆ ಕೊಡ್ತೀವಿ ಅಂತ ಊರಿಗೆಲ್ಲ ಹೇಳಿದೀವಲ್ಲ ಶಾಮಣ್ಣೋರೇ. ಮಣಿಮಂಡಲದಲ್ಲಿ ನೀರು ಎತ್ತ ಹರಿದ್ರೆ ಯಾರಿಗೇನು? ಹಾಕಿಬಿಡೋಣ" ಎಂದರು.

"ಹಾಕಿ. ನನ್ನ ಹೆಸರು ತೆಗೆದು ಹಾಕಿ."

"ತಪ್ಪು ಮಾಡಿದ್ದು ಈ ಹುಡುಗಿ. ನೀವ್ಯಾಕೆ ಹೆಸರು ತೆಗೀತೀರಿ?"

"ಮಟ್ಟ ನೋಡಿದೆಯಾ ಅಂತ ಕೇಳಿದೆ. ಹೇಗೆ ನೋಡಿದೆ ಅಂತ ಕೇಳಲಿಲ್ಲ. ಮೂವತ್ತು ವರ್ಷ ಸರ್ವೆ ಮಾಡಿದೋನು ಕೇಳಬೇಕಾಗಿತ್ತು. ತಪ್ಪು ನಂದು."

ನನ್ನ ಕಣ್ಣಲ್ಲಿ ನೀರು ಬಂತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಇಷ್ಟು ವರ್ಷಗಳಲ್ಲಿ ನನ್ನ ಕೈಕೆಳಗಿನವರು ತಪ್ಪು ಮಾಡಿದಾಗಲೆಲ್ಲ ಆ ಮಾತನ್ನು ನಾನೂ ಹೇಳಲು ನೋಡಿದ್ದೇನೆ. ಬಾಯಿಗೆ ಬಂದದ್ದು ಕೆಲವೇ ಸಲ.

ನಕ್ಷೆ ಮುಂದಿನ ತಿಂಗಳು ಎಂದು ನಂಜುಂಡಪ್ಪನವರು ಕೊನೆಗೆ ಒಪ್ಪಿದರು. ನನ್ನ ಪರೀಕ್ಷೆಯನ್ನು ಇನ್ನೂ ಆರು ತಿಂಗಳು ಮುಂದಕ್ಕೆ ಹಾಕಿದರು. ಮೇಷ್ಟ್ರಿಗೆ ವಿಷಯ ತಿಳಿಸುವ ಶಿಕ್ಷೆಯೂ ನನ್ನದೇ ಆಯಿತು. ಶಾಲೆಯ ಬಾಗಿಲಲ್ಲಿ ನಿಂತು ಹೇಳಿದಾಗ, "ಹಾಗಾದ್ರೆ ಬಂದರು ವಾಪಸ್ ಪೂರ್ವಕ್ಕೆ ಹೋಗಬಹುದೇನಮ್ಮ?" ಎಂದು ಮೆಲ್ಲಗೆ ಕೇಳಿದರು. ಹೌದು ಎಂದೆ. ಅವರು ಕೋಟಿನ ಒಳಜೇಬಿನಿಂದ ಮಡಿಸಿಟ್ಟ ಹಾಳೆಗಳನ್ನು ತೆಗೆದರು. ಹಳೆಯ ಎರಡು ಅಧ್ಯಾಯಗಳನ್ನು ಹರಿದುಹಾಕಲು ಮನಸ್ಸಾಗದೆ ತಿಂಗಳಿಂದ ಎದೆಯ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದರಂತೆ. "ಸೂರ್ಯ ಹುಟ್ಟೋವಾಗ ಅವಳು ಹಡಗು ಹತ್ತಬೇಕಿತ್ತು ಕಣಮ್ಮ, ಸಮುದ್ರದಲ್ಲೇ ಹುಟ್ಟಬೇಕಿತ್ತು" ಎಂದರು.

ಮನೆಯಲ್ಲಿ ಇನ್ನಾರು ತಿಂಗಳು ಎಂದು ಹೇಳಲು ಹೆದರಿದ್ದೆ. ಅಪ್ಪ, "ತಪ್ಪನ್ನ ನೀನೇ ಓಗಿ ಯೋಳಿದ್ಯಲ್ಲ, ಓಗು ಮತ್ತೆ" ಎಂದರು. ಮರುದಿನ ಅವರೇ ಬಂದು ಹಲಗೆಗೆ ಮಟ್ಟ ಕೊಟ್ಟರು. ಒಂದು ಮೂಲೆಗೆ ಎರಡು ಇಟ್ಟಿಗೆ, ಇನ್ನೊಂದಕ್ಕೆ ಮೂರು, ಮೂರನೆಯದಕ್ಕೆ ಮೂರು ಇಟ್ಟಿಗೆಯ ಮೇಲೊಂದು ಹೆಂಚಿನ ಚೂರು, ನಾಲ್ಕನೆಯದಕ್ಕೆ ಎರಡರ ಮೇಲೆ ಮಡಿಸಿದ ರಟ್ಟು. ನೋಡಲು ಅಸಹ್ಯವಾಗಿತ್ತು. ಮುಚ್ಚಳದ ನೀರು ಮಾತ್ರ ನಾಲ್ಕೂ ಕಡೆ ಅಂಚಿಗೆ ಸರಿಯಾಗಿ ನಿಂತಿತು. ನಾನು ನೀರು ಚಿಮುಕಿಸಿದೆ. ನೀಲವೇಣಿ ಬೆಟ್ಟದಿಂದಿಳಿದು, ಸ್ವಲ್ಪ ಯೋಚಿಸುವವಳ ಹಾಗೆ ನಿಂತು, ಪೂರ್ವಕ್ಕೆ ತಿರುಗಿತು. ನೀಲಿ ಹಾಳೆ ಪೂರ್ತಿ ಹೊಸದು, ಕಪ್ಪು ಹಾಳೆ ಮುಕ್ಕಾಲು ಹೊಸದು. ಉಳಿದ ಕಾಲುಭಾಗದಲ್ಲಿ ಶಾಮಣ್ಣನವರು ಹೆಸರು ಬರೆದ ಮೂಲೆ ಹಾಗೇ ಇತ್ತು. ಇಪ್ಪತ್ತೆರಡು ದಿನ ಬೆನ್ನು ಎತ್ತದೆ ಬರೆದೆ.

ಆಮೇಲೆ ಕೆಲಸದ ರೀತಿ ಎಷ್ಟೋ ಸಲ ಬದಲಾಯಿತು. ಫಿಲ್ಮ್ ಬಂತು, ಆಫ್‌ಸೆಟ್ ಬಂತು, ನಾನು ಬಿಡುವ ಹೊತ್ತಿಗೆ ಕಂಪ್ಯೂಟರ್ ಬಂದಿತ್ತು. ಅದರಲ್ಲಿ ಒಂದು ಗುಂಡಿ ಒತ್ತಿದರೆ ನದಿ ತಾನೇ ಹರಿಯುತ್ತದಂತೆ. ಸಂತೋಷ. ಆದರೆ ಅದರ ಹಲಗೆಯ ಕೆಳಗೆ ಯಾರು ಇಟ್ಟಿಗೆ ಇಟ್ಟಿದ್ದಾರೆ ಎಂದು ಒಮ್ಮೆ ಬಗ್ಗಿ ನೋಡಿ ಎಂದು ನಾನು ಈ ಮಕ್ಕಳಿಗೆ ಹೇಳುತ್ತೇನೆ.

ನಕ್ಷೆ ಅಚ್ಚಾಗಿ ಬಂದ ದಿನ ಮೊದಲ ಪ್ರತಿಯನ್ನು ಸುರುಳಿ ಸುತ್ತಿಕೊಂಡು ಶಾಮಣ್ಣನವರ ಮನೆಗೆ ಹೋದೆ. ಅವರು ಅಚ್ಚುಕೂಟಕ್ಕೆ ಬರುವುದನ್ನು ಬಿಟ್ಟು ಹದಿನೈದು ದಿನವಾಗಿತ್ತು. ಕಿಟಕಿ ಎಲ್ಲಿದೆ ಎಂಬುದಷ್ಟೇ ಅವರಿಗೆ ಕಾಣುತ್ತಿತ್ತು. ನಕ್ಷೆಯನ್ನು ಮಂಚದ ಮೇಲೆ ಹಾಸಿ, ನಾಲ್ಕು ಮೂಲೆಗೂ ಲೋಟ ಇಟ್ಟೆ. ಅವರು ಅಂಗೈಯಲ್ಲಿ ಸವರಿದರು. ನುಣುಪಾದ ಕಾಗದ, ಕೈಗೆ ಏನು ಸಿಗುತ್ತದೆ?

"ನೀಲವೇಣಿ ಹುಟ್ಟೋ ಕಡೆ ನನ್ನ ಬೆರಳು ಇಟ್ಟು, ಹಾಗೇ ಕರ್ಕೊಂಡು ಹೋಗಮ್ಮ" ಎಂದರು.

ಹೊರಗಿನ ಗಂಡಸರ ಕೈ ಮುಟ್ಟಿದವಳಲ್ಲ ನಾನು. ಒಂದು ಗಳಿಗೆ ಹಿಂಜರಿದು, ಆಮೇಲೆ ಅವರ ತೋರುಬೆರಳು ಹಿಡಿದುಕೊಂಡೆ. ಒಣಗಿ ಹಗುರವಾಗಿತ್ತು. ಬೆಟ್ಟದಿಂದ ಇಳಿಸಿದೆ. ಎಡಗಡೆಯಿಂದ ಹಳ್ಳ ಬಂತು ಸಾರ್, ಈಗ ಕಾಡು, ಈಗ ಬಯಲು ಎಂದು ಹೇಳುತ್ತಾ ಹೋದೆ. ಅವರು ಹೂಂ, ಹೂಂ ಎನ್ನುತ್ತಿದ್ದರು. ಸಮುದ್ರ ಇನ್ನು ನಾಲ್ಕು ಅಂಗುಲ ಇರುವಾಗ ಬೆರಳು ಗಟ್ಟಿಯಾಗಿ ನಿಂತುಬಿಟ್ಟಿತು.

"ಈ ಕಡೆ ಊರುಗಳಿದಾವೆ, ಆ ಕಡೆ ಊರುಗಳಿದಾವೆ. ಇಷ್ಟು ದೊಡ್ಡ ನದಿ. ಜನ ಎಲ್ಲಿ ದಾಟ್ತಾರೆ?"

ದೋಣಿ ಕಟ್ಟುವ ಜಾಗವನ್ನು ನಾನು ಎಲ್ಲೂ ಹಾಕಿರಲಿಲ್ಲ. ಹಾಕಿದೀನಿ ಎಂದಿದ್ದರೆ ಅವರಿಗೆ ತಿಳಿಯುವ ಹಾಗಿರಲಿಲ್ಲ.

"ಹಾಕಿಲ್ಲ ಸಾರ್" ಎಂದೆ.

ಅವರು ನಕ್ಕರು. ಇಷ್ಟು ತಿಂಗಳಲ್ಲಿ ಅವರು ಬಾಯಿ ತುಂಬ ನಕ್ಕಿದ್ದನ್ನು ನಾನು ನೋಡಿದ್ದು ಆವತ್ತೇ. "ಪಾಪ, ಕಾಯ್ತಾ ನಿಂತಿರ್ತಾರಮ್ಮ. ಹಾಕು" ಎಂದರು.

ಮೇಜಿನ ಮೇಲೆ ಅವರ ಹಳೆಯ ಪೆನ್ನು, ಮಸಿ ಇತ್ತು. ಅವರ ಬೆರಳಿನ ಪಕ್ಕದಲ್ಲೇ ಈ ದಂಡೆಗೊಂದು, ಆ ದಂಡೆಗೊಂದು ಚುಕ್ಕಿ ಇಟ್ಟು, ನಡುವೆ ಒಂದು ಸಣ್ಣ ದೋಣಿ ಬರೆದೆ. ಮಸಿ ಒಣಗುವವರೆಗೆ ಅವರು ಬೆರಳನ್ನು ಕದಲಿಸದೆ ಅಲ್ಲೇ ಕಾದರು. ಆಮೇಲೆ ಇಬ್ಬರೂ ಸಮುದ್ರದ ಕಡೆಗೆ ಹೊರಟೆವು.